ಕಪ್ಪೆಯೂ ಹಾರುತ್ತದೆಯಲ್ಲ ಮಿಸ್?

ಸಕಲೇಶಪುರದ ಆಚೆ, ಕಾಫಿ ತೋಟಗಳ ನಡುವಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ನಾನು ನಲಿಕಲಿ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯವರೆಗಿನ ಹದಿನೇಳು ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಕ್ಕದ ಅಂಗನವಾಡಿಯಿಂದ ತಪ್ಪಿಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲುವ ನಾಲ್ಕೈದು ಮಂದಿಯನ್ನೂ ಇದಕ್ಕೆ ಸೇರಿಸಿಕೊಳ್ಳಿ. ಆಕಾಶದಲ್ಲಿ ವಿಮಾನದ ಸದ್ದು ಕೇಳಿದರೆ ಸಾಕು, ಪಾಠ ಅಲ್ಲಿಗೆ ಮುಗಿಯಿತು, ಎಲ್ಲರೂ ಅಂಗಳದಲ್ಲಿರುತ್ತಾರೆ. ಮೊದಮೊದಲು ಗದರಿದೆ, ಬಾಗಿಲಿಗೆ ಅಡ್ಡ ನಿಂತೆ, ಕೊನೆಗೆ ಸೋತೆ. ಸೋತ ಮೇಲೆ, ಅದನ್ನೇ ಪಾಠ ಮಾಡಿದರಾಯಿತು ಎಂದುಕೊಂಡು ಶುರುಮಾಡಿ ಈಗ ಹನ್ನೊಂದು ವರ್ಷ. ಏನು ಮಾಡಿದರೆ ಮಕ್ಕಳ ಕಣ್ಣು ಅರಳುತ್ತದೆ, ಏನು ಮಾಡಿದರೆ ಎಲ್ಲವೂ ನೆಲಕಚ್ಚುತ್ತದೆ ಎಂಬ ಅಂದಾಜು ಸಿಕ್ಕಿದೆ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿರುವ ಮನೆಯವರಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಥರ್ಮಕೋಲ್ ವಿಮಾನದಿಂದ ಆರಂಭಿಸಬೇಡಿ. ಒಮ್ಮೆ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಳ್ಳಿಬಣ್ಣ ಬಳಿದ, ಬ್ಯಾಟರಿಯಿಂದ ರೆಕ್ಕೆದೀಪ ಮಿನುಗುವ, ಮೂರಡಿ ಉದ್ದದ ವಿಮಾನಕ್ಕೆ ಮೊದಲ ಬಹುಮಾನ ಬಂತು. ಅದನ್ನು ಮಾಡಿದ್ದು ಮಗುವಿನ ಅಪ್ಪ ಎಂಬುದು ಅಂಟಿನ ಕೈವಾಡ ನೋಡಿದರೇ ತಿಳಿಯುತ್ತಿತ್ತು. ನಮ್ಮ ಎರಡನೇ ತರಗತಿಯ ಹುಡುಗ ಅದನ್ನು ಸುತ್ತಲೂ ನೋಡಿ, “ಇದು ಹಾರುತ್ತದೆಯೇ?” ಎಂದು ಕೇಳಿದ. “ಮುಟ್ಟಬೇಡ” ಎಂಬ ಉತ್ತರ ಬಂತು. ಹಾರದಿರುವುದನ್ನು ಮುಟ್ಟದೆ ನೋಡಿ ಹಾರಾಟ ಕಲಿಯುವುದು ಹೇಗೋ ನನಗಂತೂ ಗೊತ್ತಾಗಲಿಲ್ಲ.

ನಮ್ಮ ಪಾಠ ಆರಂಭವಾಗುವುದು ಒಂದು ಆಟದಿಂದ. ಎಲ್ಲರೂ ದುಂಡಗೆ ಕೂತು ತೋರುಬೆರಳನ್ನು ನೆಲಕ್ಕೆ ಊರಬೇಕು. ನಾನು “ಕಾಗೆ ಪುರ್ರ್” ಎಂದರೆ ಬೆರಳು ಮೇಲೇಳಬೇಕು. “ಎಮ್ಮೆ ಪುರ್ರ್” ಎಂದಾಗ ಎತ್ತಿದವರು ಔಟ್. ಈ ಆಟ ನಿಮಗೂ ಗೊತ್ತಿರುತ್ತದೆ. ಗುಬ್ಬಿ, ಗಿಳಿ, ಮಂಗಟ್ಟೆ, ಚಿಟ್ಟೆ ಎಂದು ವೇಗವಾಗಿ ಹೋಗಿ ನಡುವೆ ತಕರಾರಿನ ಹೆಸರುಗಳನ್ನು ಹಾಕಿ. ಕೋಳಿ ಪುರ್ರ್? ಬಾವಲಿ ಪುರ್ರ್? ಗಾಳಿಪಟ ಪುರ್ರ್? ಒಣಗಿದ ಎಲೆ ಪುರ್ರ್? ಹೀಗೆ ಒಂದು ದಿನ ಬಾಯಿತಪ್ಪಿ “ಕಪ್ಪೆ ಪುರ್ರ್” ಎಂದೆ. ಅರ್ಧಕ್ಕರ್ಧ ಬೆರಳುಗಳು ಎದ್ದವು. ಔಟ್ ಎಂದೆ. ಒಂದನೇ ತರಗತಿಯ ಹುಡುಗಿ ಒಪ್ಪಲಿಲ್ಲ: “ಕಪ್ಪೆಯೂ ಹಾರುತ್ತದೆಯಲ್ಲ ಮಿಸ್? ನಿನ್ನೆ ನಮ್ಮ ಬಚ್ಚಲಿನಿಂದ ಅಡುಗೆಮನೆಗೆ ಹಾರಿತು.”

ಅವಳು ಹೇಳಿದ್ದು ಸರಿಯೇ. ನಮ್ಮ ಭಾಷೆಯಲ್ಲಿ ಕಪ್ಪೆಯೂ ಹಾರುತ್ತದೆ, ಹದ್ದೂ ಹಾರುತ್ತದೆ, ಹುಡುಗರು ಬೇಲಿಯನ್ನೂ ಹಾರುತ್ತಾರೆ. ಒಂದೇ ಮಾತಿನೊಳಗೆ ಎರಡು ಕೆಲಸ ಅಡಗಿವೆ. ನಾನು ಅವಳನ್ನು ಔಟ್ ಮಾಡದೆ, “ಕಪ್ಪೆ ಮೇಲೆ ಹೋದಾಗ ಅದನ್ನು ಯಾರು ಎತ್ತಿ ಹಿಡಿದಿರುತ್ತಾರೆ?” ಎಂದು ಕೇಳಿದೆ. ಯಾರೂ ಇಲ್ಲ, ಅದಕ್ಕೇ ಬೀಳುತ್ತದೆ ಎಂದರು. “ಹಾಗಾದರೆ ಹದ್ದನ್ನು?” ಆಗ ಸದ್ದಿಲ್ಲ. ಆ ಮೌನ ಬಂದ ಮೇಲೆಯೇ ಕತ್ತರಿ, ಕಾಗದ ಹೊರಗೆ ತೆಗೆಯಿರಿ. ಯಾವ ಆಟಿಕೆ ಮಾಡಿದರೂ ಕೊನೆಗೆ ನಾನು ಇದೊಂದನ್ನೇ ಕೇಳುತ್ತೇನೆ: ಇದನ್ನು ಯಾರು ಎತ್ತಿ ಹಿಡಿದಿದ್ದಾರೆ?

ಗಾಳಿಯನ್ನು ಮುಟ್ಟಿಸುವುದು

ಪುಟ್ಟ ಮಕ್ಕಳ ಲೆಕ್ಕದಲ್ಲಿ ಗಾಳಿ ಎಂದರೆ ಬೀಸುವಾಗ ಮಾತ್ರ ಇರುವಂಥದ್ದು. ಬೀಸದಿದ್ದಾಗ ಕೋಣೆ ಖಾಲಿ. ಈ ತಪ್ಪನ್ನು ಬಿಡಿಸದೆ ಮುಂದಕ್ಕೆ ಹೋದರೆ ಉಳಿದದ್ದೆಲ್ಲ ಮಂತ್ರದಂತೆ ಬಾಯಿಪಾಠವಾಗುತ್ತದೆ.

ಒಂದು ನೋಟ್‌ಬುಕ್ಕನ್ನೂ ಅದಕ್ಕಿಂತ ತುಸು ಸಣ್ಣದಾಗಿ ಕತ್ತರಿಸಿದ ಒಂದು ಹಾಳೆಯನ್ನೂ ತೆಗೆದುಕೊಳ್ಳಿ. ಎರಡನ್ನೂ ಎದೆಯ ಎತ್ತರದಿಂದ ಒಟ್ಟಿಗೆ ಬಿಡಿ. ಪುಸ್ತಕ ದೊಪ್ಪನೆ ಬೀಳುತ್ತದೆ, ಹಾಳೆ ಓಲಾಡಿಕೊಂಡು ಬರುತ್ತದೆ. ಯಾಕೆ? “ಹಾಳೆ ಹಗುರ.” ಸರಿ, ಈಗ ಅದೇ ಹಾಳೆಯನ್ನು ಉಂಡೆ ಮಾಡಿ ಬಿಡಿ. ತೂಕ ಅಷ್ಟೇ ಇದೆ, ಆದರೂ ಬೇಗ ಬಿತ್ತು. ಮಕ್ಕಳ ಹುಬ್ಬು ಗಂಟಾಗುತ್ತದೆ. ಈಗ ಹೊಸ ಹಾಳೆಯನ್ನು ಪುಸ್ತಕದ ಮೇಲೆ ಸಮನಾಗಿ ಇಟ್ಟು, ಪುಸ್ತಕವನ್ನು ಅಡ್ಡವಾಗಿಯೇ ಕೈಬಿಡಿ. ಎರಡೂ ಒಟ್ಟಿಗೆ ನೆಲ ಮುಟ್ಟುತ್ತವೆ. ಅಂಟು ಹಚ್ಚಿದ್ದೀರಿ ಎಂದು ನನ್ನ ಮೇಲೆ ಪ್ರತಿವರ್ಷ ಅನುಮಾನ ಪಡುತ್ತಾರೆ, ಪರೀಕ್ಷಿಸಲು ಬಿಡಬೇಕು. ಒಬ್ಬ ಹುಡುಗ ಕಾರಣವನ್ನು ನನಗಿಂತ ಚೆನ್ನಾಗಿ ಹೇಳಿದ್ದ: “ಜಾತ್ರೆಯಲ್ಲಿ ಅಪ್ಪ ಮುಂದೆ ಹೋದರೆ ಜನ ದಾರಿ ಬಿಡುತ್ತಾರೆ, ನಾನು ಹಿಂದೆ ಸುಲಭವಾಗಿ ಹೋಗುತ್ತೇನೆ. ಹಾಗೆ.”

ಇದಾದ ಮೇಲೆ ಅಂಗಳಕ್ಕೆ ಹೋಗಿ. ಪ್ರತಿ ಮಗುವಿಗೂ ನೋಟ್‌ಬುಕ್ಕಿನಷ್ಟು ಅಗಲದ ಒಂದೊಂದು ರಟ್ಟು ಕೊಡಿ. ರಟ್ಟಿನ ಅಂಚು ಮುಂದೆ ಮಾಡಿ ಓಡುವುದು ಒಂದು ಸಲ, ಮುಖ ಮುಂದೆ ಮಾಡಿ ಓಡುವುದು ಇನ್ನೊಂದು ಸಲ. ಮೂರನೆಯ ಸಲ ರಟ್ಟನ್ನು ತಟ್ಟೆಯಂತೆ ಮಲಗಿಸಿ, ಮುಂದಿನ ಅಂಚನ್ನು ಸ್ವಲ್ಪವೇ ಮೇಲೆತ್ತಿ ಓಡಬೇಕು. ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಅಂಚು ತಗ್ಗಿಸಿದರೆ ಕೈ ಕೆಳಕ್ಕೆ ಜಗ್ಗುತ್ತದೆ. ರೆಕ್ಕೆಯ ಗುಟ್ಟಿನ ಬಹುಪಾಲು ಇಲ್ಲಿದೆ. ಆದ್ದರಿಂದ ಅವಸರ ಬೇಡ. ಒಂದು ಅವಧಿ ಪೂರ್ತಿ ಓಡಲಿ.

ಕೋಣೆಗೆ ಬಂದು ಕೂತಾಗ ನಾನು ಒಂದು ಲೆಕ್ಕ ಹೇಳುತ್ತೇನೆ. ಒಂದು ಘನ ಮೀಟರ್ ಗಾಳಿ ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ನಮ್ಮ ಕೋಣೆಯ ಗಾಳಿಯನ್ನೆಲ್ಲ ಮೂಟೆ ಕಟ್ಟಿದರೆ 100 ಕಿಲೋ ದಾಟುತ್ತದೆ. ಮಕ್ಕಳಿಗೆ ಕಿಲೋ ಅರ್ಥವಾಗದು, ಆದರೆ ಐವತ್ತು ಕಿಲೋದ ಕಾಫಿ ಮೂಟೆ ಚೆನ್ನಾಗಿ ಗೊತ್ತು. ಎರಡು ಮೂಟೆ! ಅಪ್ಪಂದಿರು ಬೆನ್ನಿನ ಮೇಲೆ ಹೊರುವುದನ್ನು ನೋಡಿದವರು ಮೇಲೆ ಕೆಳಗೆ ನೋಡುತ್ತಾರೆ.

ತೋಟದಲ್ಲೇ ಬೀಳುವ ಹೆಲಿಕಾಪ್ಟರ್

ಸಿಲ್ವರ್ ಓಕ್ ಮರವನ್ನು ನಮ್ಮ ಕಡೆ ಮೆಣಸಿನ ಬಳ್ಳಿ ಹಬ್ಬಿಸಲು ಮತ್ತು ನೆರಳಿಗೆಂದು ಬೆಳೆಸುತ್ತಾರೆ. ಅದರ ಕಾಯಿ ಒಣಗಿ ಬಾಯಿಬಿಟ್ಟರೆ ಒಳಗೆ ಚಪ್ಪಟೆ ಬೀಜ, ಸುತ್ತ ತೆಳುವಾದ ಕಂದು ಪೊರೆ. ಇದನ್ನು ಆರಿಸಿ ತರಲು ಹೇಳಿ. ನುಗ್ಗೆಕಾಯಿ ಮರದಲ್ಲೇ ಒಣಗಿದ್ದರೆ ಇನ್ನೂ ಒಳ್ಳೆಯದು: ನುಗ್ಗೆ ಬೀಜಕ್ಕೆ ಕಾಗದದಂಥ ಮೂರು ರೆಕ್ಕೆ. ಮಹಾಗನಿ ಸಿಕ್ಕಿದರೆ ಹಬ್ಬ, ಅದು ಗಿರಗಿರನೆ ತಿರುಗುತ್ತ ಇಳಿಯುತ್ತದೆ. ಬೆಂಚಿನ ಮೇಲೆ ನಿಂತು ಒಂದೊಂದನ್ನೇ ಬಿಡಿಸಿ, ಯಾವುದು ನಿಧಾನ ಎಂದು ಎಣಿಸಲಿ. ಆಮೇಲೆ ಒಂದು ಬೀಜದ ರೆಕ್ಕೆಯನ್ನು ಚಿವುಟಿ ಹಾಕಿ ಬಿಡಿಸಿ. ಕಲ್ಲಿನಂತೆ ಬೀಳುತ್ತದೆ. ಮರ ಯಾಕೆ ಇಷ್ಟು ಕಷ್ಟಪಟ್ಟು ರೆಕ್ಕೆ ಕಟ್ಟಿತು ಎಂದರೆ, ಅಮ್ಮನ ಬುಡದಲ್ಲೇ ಬಿದ್ದರೆ ಮಗುವಿಗೆ ಬಿಸಿಲು ಸಿಗುವುದಿಲ್ಲವಲ್ಲ.

ಇದೇ ಬೀಜವನ್ನು ಕಾಗದದಲ್ಲಿ ಮಾಡೋಣ. ನೋಟ್‌ಬುಕ್ ಹಾಳೆಯಿಂದ 5 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಮೇಲಿನ ತುದಿಯಿಂದ ನಡುವೆ ನೇರವಾಗಿ 7 ಸೆಂಟಿಮೀಟರ್ ಸೀಳಿ, ಎರಡು ಕಿವಿಗಳಾದವು. ಸೀಳು ನಿಂತ ಜಾಗಕ್ಕಿಂತ ಒಂದು ಸೆಂಟಿಮೀಟರ್ ಕೆಳಗೆ, ಎರಡೂ ಪಕ್ಕದಿಂದ ಮೂರನೇ ಒಂದು ಭಾಗದಷ್ಟು ಒಳಕ್ಕೆ ಕತ್ತರಿಸಿ. ಆ ಕತ್ತರಿಯ ಕೆಳಗಿನ ಭಾಗದ ಎಡಬಲ ಪಟ್ಟಿಗಳನ್ನು ಒಳಕ್ಕೆ ಮಡಚಿದರೆ ಬಾಲದಂಥ ದಪ್ಪ ಕಾಂಡ ಸಿಗುತ್ತದೆ. ಅದರ ತುದಿಯನ್ನು ಒಂದು ಸೆಂಟಿಮೀಟರ್ ಮೇಲಕ್ಕೆ ಮಡಚಿ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ. ಕಿವಿಗಳಲ್ಲಿ ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಬಗ್ಗಿಸಿ. ಎತ್ತರದಿಂದ ಬಿಡಿ, ಎಸೆಯಬೇಡಿ.

ತಿರುಗಿತೇ? ಇಲ್ಲಿಗೇ ನಿಲ್ಲಿಸಿದರೆ ಅದೊಂದು ಆಟಿಕೆ, ಅಷ್ಟೆ. ಕಿವಿಗಳನ್ನು ಅದಲುಬದಲು ಬಗ್ಗಿಸಿದರೆ ಯಾವ ಕಡೆಗೆ ತಿರುಗುತ್ತದೆ? ಎರಡು ಕ್ಲಿಪ್ ಹಾಕಿದರೆ? ಎರಡು ಕಿವಿಗಳನ್ನೂ ಒಂದೇ ಕಡೆ ಬಗ್ಗಿಸಿದರೆ? ಮಾಡುವ ಮೊದಲು ಬಾಯಿಬಿಟ್ಟು ಊಹಿಸಿ ಹೇಳಬೇಕು, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ. ಇದೊಂದು ನಿಯಮದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕಿವಿಯನ್ನೂ ಕಿರಿದು ಮಾಡಿ, ಕ್ಲಿಪ್ಪನ್ನೂ ಸೇರಿಸಿ, ಆಮೇಲೆ ಬೇಗ ಬಿದ್ದರೆ ಯಾರನ್ನು ಕೇಳುವುದು?

ನನ್ನ ತವರು ಅರಸೀಕೆರೆ ಕಡೆ. ಅಲ್ಲಿ ನಾವು ತೆಂಗಿನ ಗರಿಯಲ್ಲಿ ಗಿರಗಿಟ್ಲೆ ಹೆಣೆದು, ಜಾಲಿ ಮುಳ್ಳು ಚುಚ್ಚಿ, ಗಾಳಿಗೆ ಎದುರಾಗಿ ಓಡುತ್ತಿದ್ದೆವು. ಅದನ್ನು ಬರಹದಲ್ಲಿ ಹೇಳಿಕೊಡುವುದು ನನ್ನಿಂದಾಗದು. ನಿಮ್ಮೂರಿನ ಯಾರಾದರೂ ಅಜ್ಜನನ್ನು ಅರ್ಧ ದಿನ ಶಾಲೆಗೆ ಕರೆಸಿ.

ಕೊಡೆಯ ಕಥೆ

ಪ್ಯಾರಾಚೂಟ್ ಮಾಡುವುದು ಎಲ್ಲಕ್ಕಿಂತ ಸುಲಭ. ತೆಳುವಾದ ಹಳೆಯ ಪ್ಲಾಸ್ಟಿಕ್ ಕವರಿನಿಂದ 30 ಸೆಂಟಿಮೀಟರ್ ಚೌಕ, ನಾಲ್ಕು ಮೂಲೆಗೆ ಅಷ್ಟೇ ಉದ್ದದ ನಾಲ್ಕು ದಾರ, ನಾಲ್ಕೂ ಸೇರುವಲ್ಲಿ ಒಂದು ಒಣ ಅಡಿಕೆ. ಮಡಚಿ ಮೇಲಕ್ಕೆ ಎಸೆಯುವುದು. ಮೊದಲ ಸಲ ಬಿಟ್ಟಾಗ ಅದು ಕುಡಿದವನಂತೆ ಅತ್ತಿತ್ತ ತೂಗುತ್ತದೆ. ಒಳಗೆ ಸಿಕ್ಕಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ಚೆಲ್ಲುತ್ತದೆ. ಚೌಕದ ನಟ್ಟನಡುವೆ ಐದು ರೂಪಾಯಿ ನಾಣ್ಯಕ್ಕಿಂತ ಸಣ್ಣದೊಂದು ತೂತು ಮಾಡಿ ನೋಡಿ, ಓಲಾಟ ಕಡಿಮೆಯಾಗುತ್ತದೆ. ಫ್ರಾನ್ಸಿನ ಆಂದ್ರೆ ಜಾಕ್ ಗಾರ್ನೆರಿನ್ 1797ರಲ್ಲಿ ಪ್ಯಾರಿಸ್‌ನ ಮೇಲೆ ಬಲೂನಿನಿಂದ ಪ್ಯಾರಾಚೂಟ್ ಕಟ್ಟಿಕೊಂಡು ಇಳಿದಾಗ ಅವನ ಬುಟ್ಟಿಯೂ ಹೀಗೇ ಭಯಂಕರವಾಗಿ ತೂಗಾಡಿತ್ತು. ಅವನ ಪ್ಯಾರಾಚೂಟಿನಲ್ಲಿ ಈ ತೂತು ಇರಲಿಲ್ಲ. ತೂತು ಮಾಡಿದರೆ ಬೇಗ ಬೀಳುವುದಿಲ್ಲವೇ ಎಂದು ಮಕ್ಕಳು ಜಗಳ ತೆಗೆಯುತ್ತಾರೆ. ತೆಗೆಯಲಿ, ಎರಡು ಮಾಡಿ ಒಟ್ಟಿಗೆ ಬಿಡಲಿ.

ಈಗ ನನ್ನ ತಪ್ಪು. ಈ ಪಾಠ ಮೊದಲ ಬಾರಿ ಮಾಡಿದ ವರ್ಷ, ಸಂಜೆ ಮೂರನೇ ತರಗತಿಯ ಹುಡುಗನೊಬ್ಬ ಮನೆಯ ನೀರಿನ ತೊಟ್ಟಿಯ ಮೇಲೇರಿ ಅಜ್ಜನ ದೊಡ್ಡ ಕೊಡೆ ಬಿಚ್ಚಿಕೊಂಡು ಜಿಗಿದ. ಕಾಲು ಉಳುಕಿತು, ಕೊಡೆ ಮಗುಚಿಕೊಂಡಿತು. ಅವನ ಅಮ್ಮ ಮರುದಿನ ಬಂದು, “ಮಿಸ್, ನೀವು ಹೇಳಿಕೊಟ್ಟಿದ್ದಂತೆ” ಎಂದಾಗ ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಮಗು ತಪ್ಪು ಮಾಡಿರಲಿಲ್ಲ. ಅಡಿಕೆಗೆ ಸಾಲುವ ಬಟ್ಟೆ ಮನುಷ್ಯನಿಗೆ ಸಾಲದು ಎಂಬುದನ್ನು ನಾನು ಹೇಳಿರಲಿಲ್ಲ.

ಅಂದಿನಿಂದ ಈ ಪಾಠದ ಜೊತೆ ಒಂದು ಕೆಲಸ ಕಡ್ಡಾಯ. ಮೈದಾನದ ನಡುವೆ ಗೂಟ ನೆಟ್ಟು 4 ಮೀಟರ್ ಹಗ್ಗ ಕಟ್ಟಿ, ಹಗ್ಗದ ತುದಿ ಹಿಡಿದು ಸುತ್ತುತ್ತ ಸುಣ್ಣದ ಪುಡಿಯಲ್ಲಿ ವೃತ್ತ ಎಳೆಯುತ್ತೇವೆ. ಅಡ್ಡಳತೆ 8 ಮೀಟರ್. ಒಬ್ಬ ಸೈನಿಕನನ್ನು ಇಳಿಸುವ ದುಂಡು ಪ್ಯಾರಾಚೂಟ್ ಇದಕ್ಕಿಂತಲೂ ಅಗಲ. ಆಮೇಲೆ ನಡುವೆ ಕೊಡೆ ಬಿಚ್ಚಿ ಇಡುತ್ತೇವೆ. ಹದಿನೇಳು ಮಕ್ಕಳೂ ಕೈ ಹಿಡಿದು ಅಂಚಿನಲ್ಲಿ ನಿಂತರೂ ವೃತ್ತ ತುಂಬುವುದಿಲ್ಲ. ಕೊಡೆ ಅಲ್ಲಿ ಅಣಬೆಯಂತೆ ಕಾಣುತ್ತದೆ. ಅದಾದ ಮೇಲೆ ಯಾರೂ ಜಿಗಿದಿಲ್ಲ. ಆದರೂ “ನಾವು ಹಾರುವುದಿಲ್ಲ, ಹಾರಿಸುತ್ತೇವೆ” ಎಂದು ಒಮ್ಮೆ ಎಲ್ಲರಿಂದ ಹೇಳಿಸಿಯೇ ಮನೆಗೆ ಬಿಡುತ್ತೇನೆ.

ಕಾಗದದ ವಿಮಾನ, ಮತ್ತು ನಾನು ಹೇಳುತ್ತಿದ್ದ ಸುಳ್ಳು

ನಾಲ್ಕೈದು ವರ್ಷದವರಿಗೆ ಮಡಿಕೆ ಕೂಡಿಬರುವುದಿಲ್ಲ. ಕಾಗದ ಮುದ್ದೆಯಾಗಿ ಅಳು ಬರುತ್ತದೆ. ಅವರಿಗೆ ಬಳೆ ವಿಮಾನ ಸಾಕು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾಗೆ ನಿಷೇಧ ಇರುವುದರಿಂದ ಕಾಗದದ ಸ್ಟ್ರಾ ತೆಗೆದುಕೊಳ್ಳಿ, ಇಲ್ಲವೇ ಹಾಳೆಯೊಂದನ್ನು ಬಿಗಿಯಾಗಿ ಸುರುಳಿ ಸುತ್ತಿ. ದಪ್ಪ ಕಾಗದದಿಂದ ಎರಡೂವರೆ ಸೆಂಟಿಮೀಟರ್ ಅಗಲದ ಎರಡು ಪಟ್ಟಿ: ಒಂದು 13 ಸೆಂಟಿಮೀಟರ್ ಉದ್ದ, ಇನ್ನೊಂದು 25. ಎರಡನ್ನೂ ಬಳೆಯಂತೆ ಅಂಟಿಸಿ ಸ್ಟ್ರಾದ ಎರಡು ತುದಿಗೆ ಟೇಪ್ ಹಾಕಿ ಕೂರಿಸಿ. ಚಿಕ್ಕ ಬಳೆ ಮುಂದೆ ಇರುವಂತೆ ಹಿಡಿದು ಮೆಲ್ಲಗೆ ನೂಕಿದರೆ, ವಿಮಾನದಂತೆ ಸ್ವಲ್ಪವೂ ಕಾಣದ ಈ ವಸ್ತು ಇಡೀ ಕೋಣೆಯನ್ನು ದಾಟುತ್ತದೆ. ಹಾರಲು ವಿಮಾನದಂತೆ ಕಾಣಬೇಕಾಗಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವ ಇನ್ನೊಂದು ಆಟಿಕೆ ನನಗೆ ಸಿಕ್ಕಿಲ್ಲ.

ದೊಡ್ಡವರಿಗೆ ಮಾಮೂಲಿ ಮೊನೆ ವಿಮಾನ. ಹಾಳೆಯನ್ನು ಉದ್ದಕ್ಕೆ ಅರ್ಧ ಮಡಚಿ ಬಿಚ್ಚಿ, ಮೇಲಿನ ಎರಡು ಮೂಲೆಗಳನ್ನು ನಡುಗೆರೆಗೆ ತಂದು, ಇಳಿಜಾರಾದ ಅಂಚುಗಳನ್ನು ಮತ್ತೊಮ್ಮೆ ನಡುಗೆರೆಗೆ ತಂದು, ಇಡಿಯನ್ನು ಹಿಂದಕ್ಕೆ ಅರ್ಧ ಮಡಚಿ ರೆಕ್ಕೆ ಬಿಡಿಸುವುದು. ಇದು ನಿಮಗೆ ಕೈಗೇ ಗೊತ್ತು. ದಿನಪತ್ರಿಕೆ ಬೇಡ, ಸೊರಗುತ್ತದೆ. ಕ್ಯಾಲೆಂಡರ್ ಹಾಳೆ ಭಾರ. ನೋಟ್‌ಬುಕ್ ಹಾಳೆಯೇ ಸರಿ. ಮಡಿಕೆಯನ್ನು ಉಗುರಿನಿಂದ ತೀಡಬೇಕು, ಎರಡು ರೆಕ್ಕೆಯೂ ಕೂಡಬೇಕು.

ಮಕ್ಕಳು ಎಡವುವುದು ಎಸೆತದಲ್ಲಿ. ಮಾವಿನಕಾಯಿಗೆ ಕಲ್ಲು ಬೀಸುವ ಕೈ ಅದು. ವಿಮಾನ ನೆಟ್ಟಗೆ ಮೇಲೆದ್ದು ಹಿಂದಕ್ಕೆ ಬೀಳುತ್ತದೆ. ಭುಜದ ಮಟ್ಟದಲ್ಲಿ ಹಿಡಿದು, ತುಂಬಿದ ಲೋಟವನ್ನು ಮೇಜಿನ ಮೇಲೆ ಸರಿಸುವಂತೆ ಮುಂದಕ್ಕೆ ತಳ್ಳಿ ಬಿಡಬೇಕು. ಆಮೇಲೆ ವೈದ್ಯರ ಆಟ: ವಿಮಾನಕ್ಕೆ ಏನು ಕಾಯಿಲೆ? ಮೂಗು ಕುಟ್ಟಿಕೊಂಡು ಬೀಳುತ್ತಿದ್ದರೆ ಎರಡು ರೆಕ್ಕೆಗಳ ಹಿಂದಿನ ಅಂಚನ್ನು ಅಕ್ಕಿಕಾಳಿನಷ್ಟು ಮೇಲಕ್ಕೆ ಬಗ್ಗಿಸಿ. ತಲೆಯೆತ್ತಿ ನಿಂತು ತೊಪ್ಪನೆ ಬೀಳುತ್ತಿದ್ದರೆ ಮೂಗಿಗೊಂದು ಕ್ಲಿಪ್. ಒಂದೇ ಕಡೆ ಸುತ್ತುತ್ತಿದ್ದರೆ ಕಣ್ಣ ಮುಂದೆ ನೇರವಾಗಿ ಹಿಡಿದು ಯಾವ ರೆಕ್ಕೆ ಸೊಟ್ಟಗಿದೆ ನೋಡಿ. ಚೀಟಿಯಲ್ಲಿ ಔಷಧ ಬರೆದುಕೊಡುವ ಹುಡುಗಿಯೊಬ್ಬಳು ನಮ್ಮಲ್ಲಿದ್ದಾಳೆ. ಫೀಸು ಒಂದು ನೆಲ್ಲಿಕಾಯಿ.

ಈಗ ಸುಳ್ಳಿನ ವಿಷಯ. ರೆಕ್ಕೆಯ ಮೇಲ್ಮೈ ಉಬ್ಬಿರುತ್ತದೆ, ಆದ್ದರಿಂದ ಮೇಲಿನ ಗಾಳಿ ಹೆಚ್ಚು ದೂರ ಹೋಗಬೇಕು, ಕೆಳಗಿನ ಗಾಳಿಯನ್ನು ತುದಿಯಲ್ಲಿ ಅದೇ ಹೊತ್ತಿಗೆ ಸೇರಬೇಕಾದ್ದರಿಂದ ವೇಗವಾಗಿ ಓಡುತ್ತದೆ ಎಂದು ನನಗೆ ಒಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನೂ ಹಲವು ವರ್ಷ ಹಾಗೆಯೇ ಹೇಳಿದೆ. ಒಮ್ಮೆ ಒಬ್ಬ ಹುಡುಗ, “ಯಾಕೆ ಸೇರಬೇಕು ಮಿಸ್? ಅವೆರಡೂ ಜಗಳವಾಡಿಕೊಂಡಿದ್ದರೆ?” ಎಂದ. ಎಲ್ಲರೂ ನಕ್ಕರು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಿಜಕ್ಕೂ ಸೇರಬೇಕಾದ ಯಾವ ಒತ್ತಾಯವೂ ಗಾಳಿಗೆ ಇಲ್ಲ, ಸೇರುವುದೂ ಇಲ್ಲ. ಮೇಲಿನ ಗಾಳಿ ಮೊದಲೇ ಹೋಗಿಬಿಟ್ಟಿರುತ್ತದೆ. ಮೇಲೆ ಗಾಳಿ ವೇಗವಾಗಿ ಹರಿಯುವುದೂ ಅಲ್ಲಿ ಒತ್ತಡ ಕಡಿಮೆಯಾಗುವುದೂ ಸತ್ಯ, ಕಾರಣ ಮಾತ್ರ ಅದಲ್ಲ. ಅಲ್ಲದೆ ನಮ್ಮ ಕಾಗದದ ವಿಮಾನದ ರೆಕ್ಕೆ ಉಬ್ಬಿಯೇ ಇಲ್ಲ, ಚಪ್ಪಟೆ. ಪ್ರದರ್ಶನಗಳಲ್ಲಿ ವಿಮಾನಗಳು ಮಗುಚಿಕೊಂಡೂ ಹಾರುತ್ತವೆ. ಈಗ ನಾನು ಹೇಳುವುದು ಇಷ್ಟೆ: ರೆಕ್ಕೆ ಮುಂದಕ್ಕೆ ಹೋಗುತ್ತ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ನೂಕುತ್ತದೆ. ರಟ್ಟು ಹಿಡಿದು ಓಡಿದವರಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ.

ವಿಮಾನ ಹಾರಿಸಿ ಸುಸ್ತಾದ ಮೇಲೆ ಒಂದು ಓಟದ ಸ್ಪರ್ಧೆ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್‌ನಲ್ಲಿ ಆರ್ವಿಲ್ ರೈಟ್ ಮೊದಲ ಬಾರಿ ಎಂಜಿನ್ ಇರುವ ವಿಮಾನದಲ್ಲಿ ಹಾರಿದ್ದು 120 ಅಡಿ, 12 ಸೆಕೆಂಡು. ನಮ್ಮ ಬಾವುಟದ ಕಂಬದಿಂದ ಅಳೆದರೆ ಅದು ಗೇಟಿನ ಪಕ್ಕದ ಹಲಸಿನ ಮರದವರೆಗೆ ಬರುತ್ತದೆ. ಒಂದರಿಂದ ಹನ್ನೆರಡರವರೆಗೆ ನಿಧಾನವಾಗಿ ಎಣಿಸುತ್ತೇನೆ, ಅಷ್ಟರಲ್ಲಿ ಮರ ಮುಟ್ಟಬೇಕು. ನಮ್ಮ ಎರಡನೇ ತರಗತಿಯ ಹುಡುಗಿ ಒಂಬತ್ತಕ್ಕೇ ಮುಟ್ಟಿ ವಿಮಾನವನ್ನು ಸೋಲಿಸಿದಳು. (ರೈಟ್ ಅಂದು ಬಿರುಗಾಳಿಗೆ ಎದುರಾಗಿ ಹಾರಿದ್ದ ಎಂದು ನಾನು ಆಮೇಲೆ ಹೇಳಿದೆ, ಅವಳ ಮುಖ ನೋಡಿ ಮೊದಲು ಹೇಳಲಿಲ್ಲ.) ಅದೇ ದಿನ ಅಣ್ಣ ವಿಲ್ಬರ್ 59 ಸೆಕೆಂಡು ಹಾರಿದ. ಈ ಇಬ್ಬರೂ ಚಿಕ್ಕವರಿದ್ದಾಗ, 1878ರಲ್ಲಿ, ಅವರ ಅಪ್ಪ ಬೆಂಡು, ಬಿದಿರು, ಕಾಗದ, ರಬ್ಬರ್ ಬ್ಯಾಂಡಿನ ಒಂದು ಹಾರುವ ಆಟಿಕೆ ತಂದುಕೊಟ್ಟಿದ್ದರು. ಅದು ಮುರಿದ ಮೇಲೆ ಮಕ್ಕಳೇ ಇನ್ನೊಂದು ಮಾಡಿಕೊಂಡರು. ಈ ಭಾಗವನ್ನು ಮಕ್ಕಳಿಗಿಂತ ಹೆಚ್ಚಾಗಿ ಅಪ್ಪಂದಿರಿಗೆ ಹೇಳುತ್ತೇನೆ. ನಮ್ಮ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು ಎಂದರೆ ಮಕ್ಕಳಿಗೆ ರೈಟ್ ಸಹೋದರರಿಗಿಂತ ಅದೇ ದೊಡ್ಡ ಸುದ್ದಿ. ಗೊರೂರಿಗೆ ಎಲ್ಲರೂ ಅಣೆಕಟ್ಟು ನೋಡಲು ಹೋಗಿದ್ದಾರೆ.

ಹಕ್ಕಿಗಳ ವಿಷಯದಲ್ಲಿ ನಾನು ಹೆಚ್ಚು ಬರೆಯುವುದಿಲ್ಲ, ಹೊರಗೆ ಕರೆದುಕೊಂಡು ಹೋಗಿ ತೋರಿಸಿ. ಹದ್ದು ರೆಕ್ಕೆ ಬಡಿಯದೆ ಸುತ್ತುವುದು ಬಿಸಿಲೇರಿದ ಮೇಲೆ. ಕಾದ ನೆಲದಿಂದ ಏಳುವ ಬಿಸಿಗಾಳಿ ಅದರ ಏಣಿ. ಮಂಗಟ್ಟೆ ಹಾರಿದರೆ ಅದರ ರೆಕ್ಕೆಯ ಸದ್ದು ದೂರಕ್ಕೂ ಕೇಳುತ್ತದೆ. ಹಾರುವ ಓತಿ, ಹಾರುಬೆಕ್ಕು ಹೆಸರಿಗಷ್ಟೇ ಹಾರುವವು. ಮರದಿಂದ ಮರಕ್ಕೆ ಜಾರುತ್ತವೆ, ಹತ್ತಿದ ಎತ್ತರಕ್ಕಿಂತ ಮೇಲೆ ಹೋಗಲಾರವು. ಬೇಲೂರಿಗೆ ಪ್ರವಾಸ ಹೋದಾಗ ದೇವಸ್ಥಾನದ ಎದುರು ಕೈಮುಗಿದು ನಿಂತ ಗರುಡನನ್ನು ನೋಡಿ, “ಕೈಯೂ ಇದೆ, ರೆಕ್ಕೆಯೂ ಇದೆ, ಹಕ್ಕಿಗೆ ಎರಡೂ ಇರುತ್ತದೆಯೇ?” ಎಂದು ಒಬ್ಬಳು ಕೇಳಿದಳು. ಇರುವುದಿಲ್ಲ, ಹಕ್ಕಿಯ ಕೈಯೇ ರೆಕ್ಕೆಯಾಗಿದೆ. ಮನೆಯಲ್ಲಿ ಕೋಳಿ ಸಾರು ಮಾಡಿದ ದಿನ ರೆಕ್ಕೆಯ ಮೂಳೆ ಇಟ್ಟುಕೊಂಡು ತಮ್ಮ ಭುಜ, ಮೊಣಕೈ, ಮಣಿಕಟ್ಟಿನೊಂದಿಗೆ ಹೋಲಿಸಿ ನೋಡಲು ಹೇಳಿದೆ. ಸೋಮವಾರ ಏಳು ಮಂದಿ ಮೂಳೆ ತಂದಿದ್ದರು, ಇರುವೆಯೂ ಬಂದಿತ್ತು.

ಗಾಳಿಪಟ, ಆದರೆ ಆಷಾಢದಲ್ಲಲ್ಲ

ಅರಸೀಕೆರೆಯಲ್ಲಿ ಆಷಾಢ ಎಂದರೆ ಗಾಳಿ. ಅಣ್ಣ ಪಟ ಹಾರಿಸಿದರೆ ನಾನು ದಾರದ ಉಂಡೆ ಹಿಡಿಯುವವಳು. ಕೆಲಸಕ್ಕೆ ಇಲ್ಲಿಗೆ ಬಂದ ಮೊದಲ ವರ್ಷ ಅದೇ ಗುಂಗಿನಲ್ಲಿ ಆಷಾಢದಲ್ಲಿ ಮಕ್ಕಳಿಂದ ಹತ್ತು ಪಟ ಮಾಡಿಸಿದೆ. ಒಂದೇ ಜಿಲ್ಲೆ, ಆದರೆ ಇಲ್ಲಿ ಆಷಾಢ ಎಂದರೆ ಮಳೆ. ಹತ್ತೂ ಗಂಜಿಯಾದವು. ಮಲೆನಾಡಿನವರು ಗದ್ದೆ ಕೊಯ್ಲು ಮುಗಿದು ನೆಲ ಒಣಗಿದ ಮೇಲೆ, ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಇಟ್ಟುಕೊಳ್ಳಿ.

ದಿನಪತ್ರಿಕೆಯಿಂದ 40 ಸೆಂಟಿಮೀಟರ್ ಚೌಕ ಕತ್ತರಿಸಿ. ಒಂದು ಮೂಲೆಯಿಂದ ಎದುರು ಮೂಲೆಗೆ ಗಟ್ಟಿಯಾದ ಪೊರಕೆಕಡ್ಡಿ ಎರಡನ್ನು ಜೋಡಿಸಿ ಬೆನ್ನೆಲುಬಿನಂತೆ ಅಂಟಿಸಿ. ಇನ್ನೆರಡು ಮೂಲೆಗೆ ತೆಳುವಾದ ಒಂದು ಕಡ್ಡಿಯನ್ನು ಬಿಲ್ಲಿನಂತೆ ಬಗ್ಗಿಸಿ. ಅಂಟು ಬೇಕಿಲ್ಲ, ಬಿಸಿಯೂಟದ ಅನ್ನದ ಅಗುಳು ಸಾಕು; ಕಾಗದದ ತುಂಡುಗಳಿಂದ ಕಡ್ಡಿಯನ್ನು ಒತ್ತಿ ಹಿಡಿಸಿ, ಪುಸ್ತಕ ಹೇರಿ ಒಂದು ಗಂಟೆ ಬಿಡಿ. ಕೆಳಮೂಲೆಗೆ ಒಂದೂವರೆ ಮೀಟರ್ ಬಾಲಂಗೋಚಿ, ಹಳೆಯ ಹತ್ತಿ ಸೀರೆಯ ಅಂಚು.

ಜೀವ ಇರುವುದು ಸೂತ್ರದಲ್ಲಿ. ಕಡ್ಡಿಗಳು ಕೂಡುವಲ್ಲಿ ಒಂದು ತುದಿ, ಬೆನ್ನುಕಡ್ಡಿಯ ಕೆಳಭಾಗದಲ್ಲಿ ಇನ್ನೊಂದು ತುದಿ ಕಟ್ಟಿ, ಎರಡೂ ಸೇರುವ ಗಂಟಿಗೆ ಹಾರಿಸುವ ದಾರ. ಮೇಲಿನ ಎಳೆ ಕೆಳಗಿನದಕ್ಕಿಂತ ತುಸು ಗಿಡ್ಡ ಇರಬೇಕು. ಆಗ ಪಟ ಗಾಳಿಗೆ ಓರೆಯಾಗಿ ನಿಲ್ಲುತ್ತದೆ, ಥೇಟ್ ನಮ್ಮ ರಟ್ಟಿನ ಹಾಗೆ. ಜಗ್ಗುತ್ತಿದೆ ಆದರೆ ಏರುತ್ತಿಲ್ಲ ಎಂದರೆ ಗಂಟನ್ನು ಬೆರಳಿನಷ್ಟು ಮೇಲಕ್ಕೆ ಸರಿಸಿ. ಗಿರಕಿ ಹೊಡೆಯುತ್ತಿದ್ದರೆ ಬಾಲ ಉದ್ದ ಮಾಡಿ. ಸೂತ್ರವಿಲ್ಲದ ಗಾಳಿಪಟ ಎಂದು ಯಾರನ್ನಾದರೂ ಬೈಯುವುದನ್ನು ಮಕ್ಕಳು ಕೇಳಿರುತ್ತಾರೆ. ಆ ದಿನ ಸೂತ್ರ ಬಿಚ್ಚಿ, ದಾರವನ್ನು ಒಂದೇ ಕಡೆ ಕಟ್ಟಿ ಹಾರಿಸಿ ತೋರಿಸಿದರೆ ಬೈಗುಳದ ಅರ್ಥವೂ ಆಗುತ್ತದೆ.

ಹೊಲಿಗೆಯ ಹತ್ತಿ ದಾರವನ್ನೇ ಬಳಸಿ. ಗಾಜಿನ ಪುಡಿಯ ಮಾಂಜಾವನ್ನು, ನೈಲಾನ್ ದಾರವನ್ನು ಶಾಲೆಯ ಗೇಟಿನೊಳಗೆ ಬಿಡಬೇಡಿ. ಹಕ್ಕಿಯ ರೆಕ್ಕೆ ಕತ್ತರಿಸುತ್ತದೆ, ಬೈಕಿನವರ ಕುತ್ತಿಗೆಯನ್ನೂ. ವಿದ್ಯುತ್ ತಂತಿಯಿರುವ ಕಡೆ ಹಾರಿಸುವಂತಿಲ್ಲ. ತಂತಿಗೆ ಸಿಕ್ಕಿದ ಪಟ ಅಲ್ಲೇ ಇರಲಿ, ಕೋಲು ಹಿಡಿದು ಹೋಗುವ ಮಾತಿಲ್ಲ.

ಮರಕ್ಕೆ ಸಿಕ್ಕಿದ್ದಕ್ಕೂ ಯಾರನ್ನೂ ಹತ್ತಿಸುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಪಟ ಪಕ್ಕದ ತೋಟದ ಸಿಲ್ವರ್ ಓಕಿನ ತುದಿಯಲ್ಲಿ ಕೂತಿತು. ಮಳೆಗೆ ಕಾಗದ ಹೋಯಿತು, ಗಾಳಿಗೆ ಕಡ್ಡಿ ಹೋಯಿತು. ಕಳೆದ ವರ್ಷ ಮರಗಸಿಗೆ ಬಂದವರು ಕೊಂಬೆ ಇಳಿಸುವಾಗ ಉಳಿದ ಬಾಲಂಗೋಚಿಯನ್ನು ತಂದುಕೊಟ್ಟರು. ನೇರಳೆ ಅಂಚಿನ ನನ್ನ ಹಳೆಯ ಸೀರೆ, ಗುರುತು ಸಿಕ್ಕಿತು. ತೊಳೆದು ಒಣಗಿಸಿ ಈ ವರ್ಷದ ಪಟಕ್ಕೆ ಕಟ್ಟಿದ್ದೇವೆ.